ಬಿನ್ನಿ ಮಿಲ್ಲಿನ ಗೋಡೆಯ ಈಚೆ, ಆಚೆ

ಮಾಗಡಿ ರಸ್ತೆ ಮೆಟ್ರೊ ನಿಲ್ದಾಣದಲ್ಲಿ ಇಳಿದು ಬಿನ್ನಿಪೇಟೆಯ ಕಡೆ ನಾಲ್ಕು ಹೆಜ್ಜೆ ಹಾಕಿದರೆ ಎರಡು ಊರುಗಳು ಒಂದಕ್ಕೊಂದು ಬೆನ್ನು ಮಾಡಿ ನಿಂತಿರುವುದು ಕಾಣುತ್ತದೆ. ಹಳೆಯ ಮಿಲ್ಲಿನ ಜಾಗದಲ್ಲಿ ಎದ್ದ ಅಪಾರ್ಟ್‌ಮೆಂಟುಗಳದ್ದು ಒಂದೂರು. ಗೋಪಾಲಪುರ, ಕೆ.ಪಿ. ಅಗ್ರಹಾರ, ಚೋಳೂರುಪಾಳ್ಯದ ಓಣಿಗಳದ್ದು ಇನ್ನೊಂದೂರು. ಅಂಚೆ ಇಲಾಖೆಯ ಲೆಕ್ಕದಲ್ಲಿ ಎರಡೂ ಒಂದೇ, 560023. ಮಿಕ್ಕಂತೆ ಈ ಊರಿಗೂ ಆ ಊರಿಗೂ ಪರಿಚಯವಿಲ್ಲ. ಪೂರ್ತಿ ಇಲ್ಲವೆಂದರೆ ಸುಳ್ಳಾದೀತು. ಓಣಿಯ ಎಷ್ಟೋ ಹೆಂಗಸರು ದಿನಾ ಬೆಳಿಗ್ಗೆ ಅಲ್ಲಿಗೆ ಮನೆಗೆಲಸಕ್ಕೆ ಹೋಗುತ್ತಾರೆ, ಗೇಟಿನಲ್ಲಿ ಸೆಕ್ಯುರಿಟಿಯವರ ಮೊಬೈಲಿನಲ್ಲಿ ಹಾಜರಿ ಹಾಕಿಸಿಕೊಂಡು ಒಳಗೆ ಹೋಗುತ್ತಾರೆ. ಹಾಗೆ ಹೋಗುವ ಒಬ್ಬರ ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಾಳೆ ಅಂದುಕೊಳ್ಳಿ. ಅಮ್ಮ ನೆಲ ಒರೆಸುವ ಮನೆಯಲ್ಲಿ ಎಂಜಿನಿಯರೊಬ್ಬರೋ ಬ್ಯಾಂಕಿನಿಂದ ನಿವೃತ್ತರಾದವರೊಬ್ಬರೋ ಇದ್ದಾರೆ. ಆ ಹುಡುಗಿ ಮತ್ತು ಆ ಮನೆಯವರು ಒಬ್ಬರನ್ನೊಬ್ಬರು ಕಂಡಿಲ್ಲ. ಕಂಡು, ವಾರಕ್ಕೊಂದು ಗಂಟೆ ಎದುರುಬದುರು ಕೂತರೆ ಇಬ್ಬರಿಗೂ ಏನು ಸಿಗುತ್ತದೆ ಎಂಬುದು ಇವತ್ತಿನ ವಿಷಯ.

ಮೊದಲು ಮಿಲ್ಲಿನ ಮಾತು. ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಹುಟ್ಟಿದ್ದು 1884ರಲ್ಲಿ. ಎರಡೇ ವರ್ಷಕ್ಕೆ ಅದರ ಆಡಳಿತ ಮದ್ರಾಸಿನ ಬಿನ್ನಿ ಕಂಪನಿಯ ಕೈಗೆ ಹೋಯಿತು. ಉದ್ದದ ಹೆಸರು ಕಾಗದದಲ್ಲೇ ಉಳಿದು ಜನರ ಬಾಯಲ್ಲಿ ಬಿನ್ನಿ ಮಿಲ್ಲು ಎಂದಾಯಿತು, ಪೇಟೆಗೂ ಅದೇ ಹೆಸರು ಅಂಟಿತು. ತಲೆಮಾರುಗಳ ಕಾಲ ಇಲ್ಲಿನ ಹದಿನೈದು ಹದಿನಾರರ ಹುಡುಗನಿಗೆ ಮುಂದೇನು ಎಂಬ ಪ್ರಶ್ನೆಗೆ ಉತ್ತರ ಕಾಂಪೌಂಡಿನೊಳಗೇ ಇತ್ತು. ಅಪ್ಪನೋ ಸೋದರಮಾವನೋ ಪಕ್ಕದ ಮನೆಯ ಅಣ್ಣನೋ ಮೇಸ್ತ್ರಿಗೆ ಹೇಳಿ ಬದಲಿ ಕೆಲಸಕ್ಕೆ ಹಾಕಿಸುತ್ತಿದ್ದರು. ಯಾವ ಖಾತೆಯಲ್ಲಿ ಕೆಲಸ ಕಲಿಯಬಹುದು, ಯಾರ ಕೈಕೆಳಗೆ ಇದ್ದರೆ ಒಳ್ಳೆಯದು, ಪಿಎಫ್ ಚೀಟಿ ಎಲ್ಲಿ ಜೋಪಾನ ಮಾಡಬೇಕು, ಯೂನಿಯನ್ ಮೀಟಿಂಗಿನಲ್ಲಿ ಎಲ್ಲಿ ಕೂರಬೇಕು, ಎಲ್ಲವನ್ನೂ ಹೇಳಿಕೊಡಲು ಒಬ್ಬ ಹಿರಿಯ ಇದ್ದೇ ಇರುತ್ತಿದ್ದ.

ಇದನ್ನು ಹೊಗಳಿ ಹಾಡುವ ಆಸೆ ನನಗಿಲ್ಲ. ಆ ದಾರಿ ಸಿಗುತ್ತಿದ್ದುದು ನೆಂಟರಿಗೆ, ಜಾತಿಯವರಿಗೆ, ಭಾಷೆಯವರಿಗೆ. ಹೆಣ್ಣುಮಕ್ಕಳಿಗೆ ಅದರಲ್ಲಿ ಪಾಲಿದ್ದದ್ದು ಕಡಿಮೆ. ಮೇಸ್ತ್ರಿಯ ಕೈ ಬಿಸಿ ಮಾಡದೆ ಒಳಗೆ ಹೋಗುವುದು ಎಲ್ಲರಿಗೂ ಆಗುತ್ತಿರಲಿಲ್ಲ. ಆದರೂ ಒಂದು ಮಾತು ನಿಜ: ಬೆಳೆಯುವ ಹುಡುಗನ ಸುತ್ತ, ಅವನು ಹೋಗಬೇಕಾದ ದಾರಿಯಲ್ಲಿ ಆಗಲೇ ಹೋಗಿ ಬಂದವರಿದ್ದರು. ಮಿಲ್ಲು ನಿಂತು ದಶಕಗಳಾದವು. ಅದರ ಜೊತೆಗೆ ಆ ಹಿರಿಯರ ಸಾಲೂ ಹೋಯಿತು. ಈಗ ಓಣಿಯ ಮನೆಯಲ್ಲಿ ಅಪ್ಪ ಆಟೊ ಓಡಿಸುತ್ತಾನೆ, ಇಲ್ಲವೇ ಕೆ.ಆರ್. ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಾನೆ. ಅಮ್ಮ ಗಾರ್ಮೆಂಟ್ಸಿಗೋ ಮನೆಗೆಲಸಕ್ಕೋ ಹೋಗುತ್ತಾಳೆ. ಮಕ್ಕಳು ಓದಲಿ ಎಂಬ ಹಟ ಇಬ್ಬರಿಗೂ ಇದೆ, ನನ್ನ ನಿಮ್ಮ ಮನೆಯವರಿಗಿಂತ ಒಂದು ಗುಲಗಂಜಿ ಹೆಚ್ಚೇ ಇದೆ. ಮಗಳು ಹೊರಟಿರುವ ದಾರಿಯಲ್ಲಿ ಅವರು ಹೋಗಿ ಬಂದಿಲ್ಲ, ಅಷ್ಟೇ.

ಆ ದಾರಿ ಎಷ್ಟು ಸಿಕ್ಕುಸಿಕ್ಕಾಗಿದೆ ಎಂದು ಒಮ್ಮೆ ನೋಡಿ. ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಎಂಬ ಪರೀಕ್ಷೆ ಇರುತ್ತದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಯ, ವರ್ಷಕ್ಕೆ ಮೂರೂವರೆ ಲಕ್ಷ ರೂಪಾಯಿಗಿಂತ ಕಡಿಮೆ ಆದಾಯದ ಮನೆಯ ಮಕ್ಕಳಿಗೆಂದೇ ಕೇಂದ್ರ ಸರ್ಕಾರ ಇಟ್ಟದ್ದು. ಆಯ್ಕೆಯಾದವರಿಗೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಆದರೆ ಎಂಟನೆಯಲ್ಲಿ ಬರೆಯದವರಿಗೆ ಒಂಬತ್ತನೆಯಲ್ಲಿ ಇನ್ನೊಂದು ಅವಕಾಶವಿಲ್ಲ. ವಿಷಯ ಕಿವಿಗೆ ಬೀಳುವ ಹೊತ್ತಿಗೆ ಎಷ್ಟೋ ಮಕ್ಕಳಿಗೆ ಗಡುವು ದಾಟಿರುತ್ತದೆ. ಇನ್ನು ರಾಜ್ಯದ ವಿದ್ಯಾರ್ಥಿವೇತನ ಬೇಕೆಂದರೆ ಎಸ್‌ಎಸ್‌ಪಿ ತಂತ್ರಾಂಶದಲ್ಲಿ ಅರ್ಜಿ ಹಾಕಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಸಂಖ್ಯೆ ಬೇಕು, ಅದಕ್ಕೆ ನಾಡಕಚೇರಿ ಸುತ್ತಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿರಬೇಕು. ಶಾಲೆಯ ದಾಖಲೆಯಲ್ಲಿ ಹುಡುಗಿಯ ಹೆಸರಿನ ಮುಂದೆ ಒಂದು ಇನಿಷಿಯಲ್ ಇದ್ದು ಆಧಾರಿನಲ್ಲಿ ಅದು ಇಲ್ಲದಿದ್ದರೂ ದುಡ್ಡು ನಿಂತುಹೋಗಬಹುದು. ಇದನ್ನೆಲ್ಲ ಸರಿಮಾಡಿಸಲು ಅಪ್ಪ ಒಂದು ದಿನದ ಬಾಡಿಗೆ ಬಿಟ್ಟು ಸೈಬರ್ ಸೆಂಟರಿನ ಮುಂದೆ ನಿಲ್ಲಬೇಕು. ಅಲ್ಲಿ ಕೂತ ಹುಡುಗ ಕೇಳಿದಷ್ಟು ಕೊಟ್ಟು, ಅವನು ತುಂಬಿದ್ದು ಸರಿಯೋ ತಪ್ಪೋ ಗೊತ್ತಾಗದೆ ಮನೆಗೆ ಬರಬೇಕು.

ಹತ್ತನೇ ತರಗತಿ ಮುಗಿದ ಮೇಲಿನ ಕವಲುಗಳಂತೂ ಇನ್ನೂ ಕಷ್ಟ. ಸೈನ್ಸ್ ತಗೊಂಡವರು ಡಾಕ್ಟರ್ ಆಗುತ್ತಾರೆ, ಆರ್ಟ್ಸ್ ತಗೊಂಡವರು ದಡ್ಡರು ಎಂಬಲ್ಲಿಗೆ ಓಣಿಯ ತಿಳಿವಳಿಕೆ ನಿಂತಿದೆ. (ಅಪಾರ್ಟ್‌ಮೆಂಟಿನ ತಿಳಿವಳಿಕೆಯೂ ಅದಕ್ಕಿಂತ ಬಹಳ ಮುಂದೆ ಹೋಗಿಲ್ಲ, ಆ ಮಾತು ಬೇರೆ.) ಪಿಸಿಎಂಬಿಗೂ ಪಿಸಿಎಂಸಿಗೂ ಏನು ವ್ಯತ್ಯಾಸ, ಕಾಮರ್ಸಿನಲ್ಲಿ ಗಣಿತ ಬಿಟ್ಟರೆ ಮುಂದೆ ಯಾವ ಬಾಗಿಲು ಮುಚ್ಚುತ್ತದೆ, ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ನೇರವಾಗಿ ಹೋಗಬಹುದು ಎಂಬ ಸಂಗತಿ, ಇದನ್ನು ಎದುರು ಕೂರಿಸಿಕೊಂಡು ಹೇಳುವವರು ಬೇಕು. ಬಿನ್ನಿಪೇಟೆಗೆ ದೂರವೇನಲ್ಲದ ರಾಜಾಜಿನಗರ ಕೈಗಾರಿಕಾ ಪ್ರದೇಶದಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, 1972ರಿಂದ ಇದೆ. ಎಸ್ಸೆಸ್ಸೆಲ್ಸಿ ಆದವರಿಗೆ ಅಲ್ಲಿ ಟೂಲ್ ಅಂಡ್ ಡೈ ಡಿಪ್ಲೊಮಾ ಇದೆ: ಮೂರು ವರ್ಷ ಕಲಿಕೆ, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಅಜ್ಜ ಮಗ್ಗ ರಿಪೇರಿ ಮಾಡುತ್ತಿದ್ದ ಮನೆಯ ಹುಡುಗನಿಗೆ ಇದಕ್ಕಿಂತ ಒಪ್ಪುವ ಓದು ಇನ್ನಾವುದಿದೆ? ಅವನಿಗೆ ಅದರ ಹೆಸರನ್ನು ಯಾರೂ ಹೇಳಿರುವುದಿಲ್ಲ.

ಮೇಷ್ಟ್ರುಗಳು ಹೇಳಬಾರದೆ ಎಂದು ಕೇಳುವವರಿದ್ದಾರೆ. ಹೇಳುತ್ತಾರೆ, ಹೇಳುವವರು ಬಹಳ ಮಂದಿ ಇದ್ದಾರೆ. ಆದರೆ ಒಂದು ತರಗತಿಯ ಅಷ್ಟೂ ಮಕ್ಕಳು, 625 ಅಂಕಗಳ ಪರೀಕ್ಷೆ, ನಡುವೆ ಬಿಸಿಯೂಟದ ಲೆಕ್ಕ, ಸಮೀಕ್ಷೆ, ಚುನಾವಣೆ ಡ್ಯೂಟಿ. ಒಂದು ಮಗುವಿನ ಜೊತೆ ವರ್ಷವಿಡೀ ಪ್ರತ್ಯೇಕವಾಗಿ ಕೂತು ಮಾತಾಡುವ ಪುರಸೊತ್ತು ಆ ಕೆಲಸದಲ್ಲಿ ಇಲ್ಲ.

ಹೀಗೆ ಕೈಹಿಡಿದು ನಡೆಸುವುದು ನಮ್ಮಲ್ಲಿ ಹೊಸದೇನಲ್ಲ. ಹಳೆ ಮೈಸೂರಿನ ಕಡೆ ವಾರಾನ್ನದ ಹುಡುಗರಿದ್ದರು, ದಿನಕ್ಕೊಂದು ಮನೆಯಂತೆ ವಾರಕ್ಕೆ ಏಳು ಮನೆಯಲ್ಲಿ ಉಂಡು ಓದಿದವರು. ಬಿನ್ನಿಪೇಟೆಯಿಂದ ನಡೆದೇ ಹೋಗಬಹುದಾದ, ರೈಲು ನಿಲ್ದಾಣದ ಎದುರಿನ ಗುಬ್ಬಿ ತೋಟದಪ್ಪನವರ ಛತ್ರ ಶುರುವಾದದ್ದು 1903ರಲ್ಲಿ. ಅವರ ಧರ್ಮಸಂಸ್ಥೆ ಹಳ್ಳಿಯಿಂದ ಬಂದ ವಿದ್ಯಾರ್ಥಿಗಳಿಗೆ ಹಾಸ್ಟೆಲನ್ನೂ ನಡೆಸಿತು. ಅನ್ನ, ಚಾಪೆ, ಸೂರು ಕೊಡುವುದರಲ್ಲಿ ಈ ನಾಡು ಜಿಪುಣತನ ಮಾಡಿಲ್ಲ. ಅದರ ಜೊತೆಗೆ ಒಬ್ಬ ಹಿರಿಯನ ಗಮನವೂ ಸಿಕ್ಕಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನವರಿಗೆ ಎಚ್. ನರಸಿಂಹಯ್ಯನವರ ಕಥೆಗಿಂತ ಬೇರೆ ಬೇಕಿಲ್ಲ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ ಅವರು. ಅಲ್ಲಿ ಮಾಧ್ಯಮಿಕ ಶಾಲೆಯವರೆಗೆ ಓದಿದರು, ಮುಂದೆ ಹೈಸ್ಕೂಲು ಹತ್ತಿರದಲ್ಲೆಲ್ಲೂ ಇಲ್ಲ. ಊರಿನಲ್ಲಿ ಪಾಠ ಹೇಳಿದ್ದ ಮೇಷ್ಟ್ರು ಅಷ್ಟರಲ್ಲಿ ಬೆಂಗಳೂರಿಗೆ ವರ್ಗವಾಗಿದ್ದರು. ಹುಡುಗ ಅವರಿಗೆ ಕಾಗದ ಬರೆದ, ಓದಬೇಕೆಂದಿದ್ದೇನೆ, ದಾರಿ ಇದೆಯೇ ಎಂದು. ಬಾ ಎಂದರು. ಬಸ್ಸಿಗೆ ಕಾಸಿಲ್ಲದೆ 1935ರಲ್ಲಿ ಎರಡು ದಿನ ನಡೆದು ಬೆಂಗಳೂರು ಸೇರಿದ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಸೀಟು ಸಿಕ್ಕಿತು, ಬಡ ಹುಡುಗರ ಉಚಿತ ವಿದ್ಯಾರ್ಥಿನಿಲಯದಲ್ಲಿ ಊಟ ವಸತಿ ಸಿಕ್ಕಿತು. ಮುಂದಿನದು ಎಲ್ಲರಿಗೂ ಗೊತ್ತು: ಭೌತಶಾಸ್ತ್ರದ ಮೇಷ್ಟ್ರು, ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರು, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದವರು, 1972ರಿಂದ 77ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಆ ಮೇಷ್ಟ್ರು ಫೀಸು ಕಟ್ಟಿದ್ದರಿಂದ ಇದಾಯಿತು ಎನ್ನಲಾಗದು. ಹುಡುಗನಿಗೆ ಬೇಕಿದ್ದದ್ದು ಯಾವ ಶಾಲೆ, ಯಾರನ್ನು ಕೇಳಬೇಕು, ಎಲ್ಲಿ ಮಲಗಬೇಕು ಎಂಬ ಮೂರು ಉತ್ತರ. ಉತ್ತರ ಗೊತ್ತಿದ್ದ ಒಬ್ಬರು, ಅವನ ಕಾಗದ ಓದಿ ಉತ್ತರಿಸಿದ ಒಬ್ಬರು, ಇದ್ದರು.

ಎಚ್ಚೆನ್ ಎಂದೇ ಕರೆಸಿಕೊಂಡ ನರಸಿಂಹಯ್ಯನವರ ಬದುಕಿನ ಇನ್ನರ್ಧವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಮದುವೆಯಾಗದ ಅವರು ಪ್ರಿನ್ಸಿಪಾಲರಾದಾಗಲೂ, ಆಮೇಲೆಯೂ, 2005ರಲ್ಲಿ ತೀರಿಕೊಳ್ಳುವವರೆಗೆ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಹುಡುಗರ ನಡುವೆ ಇದ್ದರು. ಅದನ್ನು ತ್ಯಾಗ ಎಂದು ಕರೆಯುವುದು ನಮ್ಮ ರೂಢಿ. ಹದಿನೇಳು ಹದಿನೆಂಟರ ಹುಡುಗರ ಪ್ರಶ್ನೆಗಳ ನಡುವೆ ಅರ್ಧ ಶತಮಾನ ಬದುಕಿದ ಮನುಷ್ಯನ ತಲೆ ಕೊನೆಯವರೆಗೂ ಚುರುಕಾಗಿತ್ತು, ಮಾತು ಮೊನಚಾಗಿತ್ತು ಎಂಬುದನ್ನು ಅವರ ಭಾಷಣ ಕೇಳಿದವರೆಲ್ಲ ಬಲ್ಲರು. ಅವರು ಕೊಟ್ಟಷ್ಟೇ ಪಡೆದರು ಎಂದು ನನಗನ್ನಿಸುತ್ತದೆ.

ಈ ಕೊಡು-ಕೊಳ್ಳುವಿಕೆಯನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದಲ್ಲಿ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಎಂಬ ಸಂಸ್ಥೆ 1904ರಿಂದಲೂ ಒಂದು ಮಗುವಿಗೆ ಒಬ್ಬ ದೊಡ್ಡವರನ್ನು ಮೆಂಟರ್, ಅಂದರೆ ಮಾರ್ಗದರ್ಶಿಯಾಗಿ, ಜೋಡಿಸುವ ಕೆಲಸ ಮಾಡುತ್ತಿದೆ. ಹತ್ತರಿಂದ ಹದಿನಾರು ವರ್ಷದ ಸುಮಾರು 960 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೆಂಟರ್ ಕೊಟ್ಟು, ಇನ್ನೊಂದನ್ನು ಕಾಯುವ ಪಟ್ಟಿಯಲ್ಲಿಟ್ಟು ನಡೆಸಿದ ಅಧ್ಯಯನದ ವರದಿ 1995ರಲ್ಲಿ ಬಂತು. ಒಂದೂವರೆ ವರ್ಷದ ಬಳಿಕ ನೋಡಿದರೆ ಮೆಂಟರ್ ಇದ್ದ ಮಕ್ಕಳು ಶಾಲೆಗೆ ಚಕ್ಕರ್ ಹೊಡೆದ ದಿನಗಳು ಇನ್ನೊಂದು ಗುಂಪಿನ ಅರ್ಧಕ್ಕಿಂತ ಕಡಿಮೆ. ಮಾದಕ ವಸ್ತುಗಳನ್ನು ಹೊಸದಾಗಿ ಬಳಸತೊಡಗುವುದೂ ಅರ್ಧದ ಹತ್ತಿರಕ್ಕೆ ಇಳಿದಿತ್ತು. ಅಪ್ಪ ಅಮ್ಮನ ಜೊತೆಗಿನ ಸಂಬಂಧ ಸುಧಾರಿಸಿತ್ತು. ಅಂಕಗಳು ಮಾತ್ರ ಏರಿದ್ದು ಅಲ್ಪಸ್ವಲ್ಪ. ಟ್ಯೂಷನ್ ಮೇಷ್ಟ್ರ ಜಾಗಕ್ಕೆ ಮೆಂಟರನ್ನು ಕೂರಿಸಬೇಕೆಂದುಕೊಂಡವರು ಈ ಕೊನೆಯ ಮಾತನ್ನು ಎರಡು ಸಲ ಓದಿಕೊಳ್ಳುವುದು ಒಳ್ಳೆಯದು.

ಅದೇ ಅಧ್ಯಯನದ ಮಾಹಿತಿಯನ್ನು ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ ಎಂಬ ಸಂಶೋಧಕಿಯರು 2002ರಲ್ಲಿ ಬೇರೆ ಕಣ್ಣಿನಿಂದ ನೋಡಿದರು: ಈ ಜೋಡಿಗಳು ಎಷ್ಟು ಕಾಲ ಬಾಳಿದವು? ಒಂದು ವರ್ಷ ದಾಟಿದ ಜೋಡಿಗಳಲ್ಲಿ ಮಕ್ಕಳಿಗೆ ಲಾಭ ಎಲ್ಲಕ್ಕಿಂತ ಹೆಚ್ಚು. ಮೂರು ತಿಂಗಳೊಳಗೆ ಮುರಿದ ಜೋಡಿಗಳಲ್ಲಿ ಮಕ್ಕಳ ಆತ್ಮಗೌರವ ಮೊದಲಿದ್ದದ್ದಕ್ಕಿಂತ ಕೆಳಗೆ ಹೋಗಿತ್ತು. ಅಂದರೆ ನಾಲ್ಕು ವಾರ ಹೋಗಿ, ಫೋಟೊ ತೆಗೆಸಿಕೊಂಡು, ಆಫೀಸಿನಲ್ಲಿ ಕೆಲಸ ಜಾಸ್ತಿಯಾಯಿತೆಂದು ಬಿಟ್ಟುಬರುವವರು ಹೋಗದೇ ಇದ್ದಿದ್ದರೆ ಆ ಮಗುವಿಗೆ ಹೆಚ್ಚು ಉಪಕಾರವಾಗುತ್ತಿತ್ತು. ನಮ್ಮ ಶಾಲೆಗಳಲ್ಲಿ ಬ್ಯಾನರ್ ಕಟ್ಟಿ, ಶಾಲು ಹೊದಿಸಿ, ಒಂದು ಮಧ್ಯಾಹ್ನ ವ್ಯಕ್ತಿತ್ವ ವಿಕಸನದ ಭಾಷಣ ಮಾಡಿಸುತ್ತಾರಲ್ಲ, ಅದರ ಬಗ್ಗೆ ನನಗೆ ಮೊದಲಿಂದಲೂ ಸಂಶಯ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಭಾಷಣಕಾರರು ಕಾರು ಹತ್ತುತ್ತಾರೆ. ಅರ್ಜಿಯಲ್ಲಿನ ಇನಿಷಿಯಲ್ ಹಾಗೇ ಉಳಿದಿರುತ್ತದೆ.

ಇನ್ನು ದೊಡ್ಡವರಿಗೆ ಸಿಗುವುದು. ಇದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ, ಹೇಳಿದರೆ ಸೇವೆಯ ತೂಕ ಕಡಿಮೆಯಾದೀತೆಂಬ ಅಂಜಿಕೆ. ನನಗೆ ಆ ಅಂಜಿಕೆ ಇಲ್ಲ. ತನಗೇನೂ ಬೇಡವೆಂದು ಹೋದವರು ಬೇಗ ದಣಿಯುತ್ತಾರೆ, ತನಗೂ ಏನೋ ಸಿಗುತ್ತಿದೆ ಎಂದುಕೊಂಡವರು ವರ್ಷ ದಾಟುತ್ತಾರೆ.

ಬಾಲ್ಟಿಮೋರ್ ನಗರದ ಪ್ರಾಥಮಿಕ ಶಾಲೆಗಳಲ್ಲಿ ಎಕ್ಸ್‌ಪೀರಿಯೆನ್ಸ್ ಕೋರ್ ಎಂಬ ಯೋಜನೆ ನಡೆಯಿತು. ಅರವತ್ತು ದಾಟಿದವರು ವಾರಕ್ಕೆ ಹದಿನೈದು ಗಂಟೆ ಮಕ್ಕಳೊಂದಿಗೆ ಕಳೆಯಬೇಕು. ವೈದ್ಯೆ ಲಿಂಡಾ ಫ್ರೀಡ್ ಮತ್ತು ಸಂಗಡಿಗರು ಆ ಹಿರಿಯರನ್ನೇ ಪರೀಕ್ಷೆಗೆ ಒಳಪಡಿಸಿ 2004ರಲ್ಲಿ ಬರೆದ ವರದಿಯ ಪ್ರಕಾರ, ಶಾಲೆಗೆ ಹೋದವರ ಓಡಾಟ ಹೆಚ್ಚಿತು, ಟೀವಿ ನೋಡುವುದು ಕಡಿಮೆಯಾಯಿತು, ಕಷ್ಟಕಾಲದಲ್ಲಿ ನೆರವು ಕೇಳಬಹುದಾದ ಜನರ ಸಂಖ್ಯೆ ಬೆಳೆಯಿತು. ನಮ್ಮ ಪಶ್ಚಿಮ ಬೆಂಗಳೂರನ್ನು ನೋಡಿ. ವಿಜಯನಗರ, ರಾಜಾಜಿನಗರ, ಬಸವೇಶ್ವರನಗರದ ಪಾರ್ಕುಗಳಲ್ಲಿ ಬೆಳಿಗ್ಗೆ ಆರಕ್ಕೆ ನಿವೃತ್ತರ ದಂಡೇ ಇರುತ್ತದೆ: ರೈಲ್ವೆಯವರು, ಕೆಇಬಿಯವರು, ಬ್ಯಾಂಕಿನವರು, ಮೇಷ್ಟ್ರುಗಳು. ಎಂಟು ಗಂಟೆಗೆ ಮನೆಗೆ ಬಂದರೆ ಮುಂದೆ ರಾತ್ರಿಯವರೆಗೆ ಏನು ಮಾಡುವುದೆಂದು ತೋಚದವರು ಅವರಲ್ಲಿ ಬಹಳ. ಮಕ್ಕಳು ಡಲ್ಲಾಸಿನಲ್ಲೋ ವೈಟ್‌ಫೀಲ್ಡಿನಲ್ಲೋ ಇದ್ದಾರೆ. ನಲವತ್ತು ವರ್ಷ ಅರ್ಜಿ, ಫೈಲು, ಸುತ್ತೋಲೆಗಳ ನಡುವೆ ಬದುಕಿದ ಈ ಜನಕ್ಕೆ ಎಸ್‌ಎಸ್‌ಪಿ ಅರ್ಜಿ ಬಿಡಿಸುವುದು ಎಡಗೈ ಕೆಲಸ. ಯಾರೋ ಒಬ್ಬರಿಗೆ ಅದರಿಂದ ಉಪಯೋಗವಾಯಿತೆಂದರೆ ಅವತ್ತಿನ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ. ಇದಕ್ಕೆ ಬಾಲ್ಟಿಮೋರಿನ ಸಾಕ್ಷಿಯೂ ಬೇಕಿಲ್ಲ.

ಕೆಲಸದಲ್ಲಿರುವವರಿಗೆ ಸಿಗುವುದು ಬೇರೆ ಥರದ್ದು. ಬಿನ್ನಿಪೇಟೆಯಿಂದ ನೇರಳೆ ಮಾರ್ಗದ ಮೆಟ್ರೊ ಹತ್ತಿ ವೈಟ್‌ಫೀಲ್ಡಿಗೆ ಹೋಗುವ ಪ್ರಾಜೆಕ್ಟ್ ಮ್ಯಾನೇಜರ್ ಒಬ್ಬರ ಎದುರು ಒಂಬತ್ತನೇ ಕ್ಲಾಸಿನ ಹುಡುಗಿ ಕೂತು, “ಅಂಕಲ್, ಪ್ರಾಜೆಕ್ಟ್ ಮ್ಯಾನೇಜರ್ ಅಂದ್ರೆ ಏನ್ ಮಾಡ್ತಾರೆ?” ಎಂದು ಕೇಳಲಿ. ಕಂಪನಿಯ ಭಾಷೆಯಲ್ಲಿ ಹೇಳಿದರೆ ಅವಳಿಗೆ ಅರ್ಥವಾಗದು. ಅವಳ ಭಾಷೆಯಲ್ಲಿ ಹೇಳಬೇಕೆಂದರೆ ತಾನು ದಿನವಿಡೀ ಮಾಡುವುದೇನು ಎಂದು ಮೊದಲು ತನಗೆ ಗೊತ್ತಿರಬೇಕು. ಎಷ್ಟೋ ಜನಕ್ಕೆ ಆ ಪ್ರಶ್ನೆ ಅಲ್ಲಾಡಿಸಿಬಿಡುತ್ತದೆ. ಹೊರ ರಾಜ್ಯದಿಂದ ಬಂದು ಅಪಾರ್ಟ್‌ಮೆಂಟಿನಲ್ಲಿ ನೆಲೆಸಿದವರಿಗೆ ಇನ್ನೂ ಒಂದು ಲಾಭವಿದೆ. ಈ ಓಣಿಯ ಮಗು ಮನೆಯಲ್ಲಿ ತಮಿಳೋ ತೆಲುಗೋ ಉರ್ದುವೋ ಆಡಿ, ಬೀದಿಯಲ್ಲಿ ಎಲ್ಲವನ್ನೂ ಬೆರೆಸಿ, ಶಾಲೆಯಲ್ಲಿ ಕನ್ನಡ ಓದುತ್ತದೆ. ಕನ್ನಡ ಕಲಿಯಲು ಇದಕ್ಕಿಂತ ತಾಳ್ಮೆಯ, ನಗುಮುಖದ ಮೇಷ್ಟ್ರು ಯಾವ ಆ್ಯಪಿನಲ್ಲೂ ಸಿಗುವುದಿಲ್ಲ. ಮಗುವಿಗೂ ಅದರಿಂದ ಒಂದು ಗತ್ತು ಬರುತ್ತದೆ. ಕಲಿಯಲು ಬಂದವಳು ಕಲಿಸುವವಳೂ ಆದಳು ಎಂದ ಮೇಲೆ ಇಬ್ಬರ ಕುರ್ಚಿಯ ಎತ್ತರ ಒಂದೇ ಆಗುತ್ತದೆ.

ಆ ಗತ್ತಿಗೆ ಅಂಕಪಟ್ಟಿಯಲ್ಲೂ ಬೆಲೆಯಿದೆ. 2019ರಲ್ಲಿ ಲಾರೆನ್ ಎಸ್ಕ್ರೈಸ್-ವಿಂಕ್ಲರ್ ಮತ್ತು ಸಂಗಡಿಗರು ಅಮೆರಿಕದ ಸುಮಾರು ಎರಡು ಸಾವಿರ ಹೈಸ್ಕೂಲ್ ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಕೆಲವರಿಗೆ, ಓದಿನಲ್ಲಿ ಮನಸ್ಸಿಡುವುದು ಹೇಗೆಂದು ನಿಮಗಿಂತ ಚಿಕ್ಕವರಿಗೆ ಬುದ್ಧಿ ಹೇಳಿ ಎಂದರು. ಕೆಲವೇ ನಿಮಿಷಗಳ ಕೆಲಸ. ಆ ಕಲಿಕಾ ಅವಧಿಯ ಕೊನೆಗೆ ಬುದ್ಧಿ ಹೇಳಿದವರ ಗಣಿತದ ಅಂಕ ಮತ್ತು ಅವರೇ ಆರಿಸಿಕೊಂಡ ಇನ್ನೊಂದು ವಿಷಯದ ಅಂಕ, ಹೇಳದವರಿಗಿಂತ ಮೇಲಿತ್ತು. ಏರಿಕೆ ಸಣ್ಣದೇ. ಆದರೆ ಸದಾ ಬುದ್ಧಿ ಕೇಳಿಸಿಕೊಳ್ಳುವ ಮಗುವಿಗೆ ಹೇಳುವ ಜಾಗ ಕೊಟ್ಟರೆ ಏನಾಗುತ್ತದೆಂದು ತೋರಿಸಲು ಅಷ್ಟು ಸಾಕು. ಹಾಗಾಗಿ ಒಂಬತ್ತನೇ ತರಗತಿಯ ಹುಡುಗಿಗೆ ಪಿಯುಸಿ ಓದುವ ಅಕ್ಕ, ಆ ಅಕ್ಕನಿಗೆ ಕೆಲಸದಲ್ಲಿರುವ ಒಬ್ಬರು, ಹೀಗೆ ಸರಪಳಿ ಕಟ್ಟುವುದು ಸಾಧ್ಯವಾದರೆ ಎಲ್ಲಕ್ಕಿಂತ ಒಳ್ಳೆಯದು. ಕನ್ನಡ ಮಾಧ್ಯಮದಲ್ಲಿ ಹತ್ತನೆಯವರೆಗೆ ಓದಿ ಪಿಯು ವಿಜ್ಞಾನಕ್ಕೆ ಸೇರಿದವರಿಗೆ, ಇಂಗ್ಲಿಷಿನ ಭೌತಶಾಸ್ತ್ರ ಪುಸ್ತಕದ ಮುಂದೆ ಮೊದಲ ಮೂರು ತಿಂಗಳು ಹೇಗಿರುತ್ತದೆಂದು ಕಾನ್ವೆಂಟಿನಲ್ಲಿ ಓದಿದ ಎಂಜಿನಿಯರಿಗೆ ಗೊತ್ತಿಲ್ಲ. ಹೋದ ವರ್ಷ ಅದನ್ನು ದಾಟಿ ಬಂದ ಪಕ್ಕದ ಬೀದಿಯ ಅಕ್ಕನಿಗೆ ಗೊತ್ತು.

ನನ್ನ ಮಟ್ಟಿಗೆ, ದೊಡ್ಡವರಿಗೆ ಸಿಗುವ ಅತಿ ದೊಡ್ಡ ಲಾಭ ಸ್ವಲ್ಪ ಕಹಿಯಾದದ್ದು. ಓದಿ ಮೇಲೆ ಬಂದವರಲ್ಲಿ ಬಹುತೇಕರಿಗೆ, ತಾವು ಕಷ್ಟಪಟ್ಟದ್ದರಿಂದಲೇ ಬಂದೆವು, ಬಾರದವರು ಕಷ್ಟಪಡಲಿಲ್ಲ ಎಂಬ ನಂಬಿಕೆ ಇರುತ್ತದೆ. ಬೆಳಿಗ್ಗೆ ನೀರು ಬರುವ ಹೊತ್ತಿಗೆ ಎದ್ದು ಡ್ರಮ್ಮು ತುಂಬಿಸಿ, ತಮ್ಮನಿಗೆ ತಲೆ ಬಾಚಿ, ಅಡುಗೆ ಮುಗಿಸಿ, ಹತ್ತಡಿ ಕೋಣೆಯಲ್ಲಿ ಟೀವಿಯ ಪಕ್ಕ ಕೂತು ಹೋಂವರ್ಕ್ ಮಾಡುವ ಹದಿನಾಲ್ಕರ ಹುಡುಗಿಯ ಜೊತೆ ಒಂದು ವರ್ಷ ಕಳೆದವರಲ್ಲಿ ಆ ನಂಬಿಕೆ ಹಾಗೇ ಉಳಿಯುವುದಿಲ್ಲ. ತನ್ನ ಬದುಕಿನಲ್ಲಿ ಕಷ್ಟದ ಪಾಲೆಷ್ಟು, ಓದಿದ ಅಪ್ಪ, ಪ್ರತ್ಯೇಕ ಕೋಣೆ, ಫೋನು ಮಾಡಿ ಕೇಳಬಹುದಾದ ಚಿಕ್ಕಪ್ಪನ ಪಾಲೆಷ್ಟು ಎಂದು ಅವರು ಲೆಕ್ಕ ಹಾಕತೊಡಗುತ್ತಾರೆ. ಅಂಥ ಲೆಕ್ಕ ಹಾಕಿದವರು ಕಚೇರಿಯಲ್ಲಿ ಸಂದರ್ಶನಕ್ಕೆ ಕೂತಾಗ ತಡವರಿಸುವ ಹುಡುಗನನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ, ಮನೆಗೆಲಸದವರ ಸಂಬಳದ ಚೌಕಾಶಿಯಲ್ಲಿ ಸ್ವಲ್ಪ ಮೆತ್ತಗಾಗುತ್ತಾರೆ.

ಮಕ್ಕಳಿಗೆ ಹೀಗೆ ಜೊತೆಯಾಗುವ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವ ಸಂಸ್ಥೆಗಳು ನಮ್ಮಲ್ಲೇ ಇವೆ. 1999ರಿಂದ ಬೆಂಗಳೂರಿನಲ್ಲಿ ಡ್ರೀಮ್ ಎ ಡ್ರೀಮ್ ಬಡ ಮಕ್ಕಳ ಬದುಕಿನ ಕೌಶಲಗಳ ಮೇಲೆ ಕೆಲಸ ಮಾಡುತ್ತಿದೆ. ಅರುಂಧುತಿ ಗುಪ್ತಾ 2009ರಲ್ಲಿ ಕಟ್ಟಿದ ಮೆಂಟರ್ ಟುಗೆದರ್ ಒಂದು ಮಗುವಿಗೆ ಒಬ್ಬ ಮೆಂಟರ್ ಎಂಬ ಪದ್ಧತಿಯಲ್ಲೇ ನಡೆಯುತ್ತದೆ. ಧಾರವಾಡದ ವಿದ್ಯಾಪೋಷಕ 2001ರಿಂದ ವಿದ್ಯಾರ್ಥಿವೇತನದ ಜೊತೆಗೆ ಮಾರ್ಗದರ್ಶನವನ್ನೂ ಕೊಡುತ್ತ ಬಂದಿದೆ. ಸ್ವಂತವಾಗಿ ಹೋಗಲು ಹಿಂಜರಿಯುವವರು ಇಂಥವರ ಮೂಲಕ ಹೋಗುವುದೇ ಸರಿ.

ಹಿಂಜರಿಕೆಗೆ ಕಾರಣವೂ ಇದೆ, ಅದನ್ನು ಮುಚ್ಚಿಡಬಾರದು. ದೆಹಲಿ ಸರ್ಕಾರ 2021ರ ಅಕ್ಟೋಬರಿನಲ್ಲಿ ‘ದೇಶ್ ಕೆ ಮೆಂಟರ್’ ಎಂಬ ಯೋಜನೆ ತಂದಿತು. ಒಂಬತ್ತರಿಂದ ಹನ್ನೆರಡನೇ ತರಗತಿಯ ಸರ್ಕಾರಿ ಶಾಲೆಯ ಮಕ್ಕಳೊಂದಿಗೆ ಸ್ವಯಂಸೇವಕರು ದಿನಕ್ಕೆ ಹತ್ತು ನಿಮಿಷ ಫೋನಿನಲ್ಲಿ ಮಾತಾಡಬೇಕು. ಉದ್ದೇಶ ಚೆನ್ನಾಗಿತ್ತು. ಕೆಲವೇ ತಿಂಗಳಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ, ಪೊಲೀಸ್ ಪರಿಶೀಲನೆಯಿಲ್ಲದ ಅಪರಿಚಿತರ ಕೈಗೆ ಮಕ್ಕಳನ್ನು ಒಪ್ಪಿಸುತ್ತಿದ್ದೀರಿ ಎಂದು ಆಕ್ಷೇಪಿಸಿ, ಸರಿಪಡಿಸುವವರೆಗೆ ನಿಲ್ಲಿಸಿ ಎಂದಿತು. ರಾಜಕೀಯ ಏನೇ ಇರಲಿ, ಆಕ್ಷೇಪದ ತಿರುಳು ಸರಿ. ಮಗುವಿನ ಒಳ್ಳೆಯದಕ್ಕೆಂದು ಹೋಗುವ ನೂರು ಜನರಲ್ಲಿ ಒಬ್ಬ ಕೆಟ್ಟವನಿದ್ದರೂ ಸಾಕು.

ಆದ್ದರಿಂದ ಕಟ್ಟುನಿಟ್ಟಾಗಿ ಇರಬೇಕು. ಮುಖ್ಯೋಪಾಧ್ಯಾಯರಿಗೆ ಬರಹದಲ್ಲಿ ಗೊತ್ತಿರಬೇಕು, ಶಾಲಾಭಿವೃದ್ಧಿ ಸಮಿತಿಯ ಒಪ್ಪಿಗೆ ಬೇಕು, ಅಪ್ಪ ಅಮ್ಮನನ್ನು ಮೊದಲು ಕಾಣಬೇಕು. ಪೊಲೀಸ್ ಪರಿಶೀಲನಾ ಪತ್ರ ಕೇಳಿದರೆ ಮುಖ ಗಂಟಿಕ್ಕಬೇಡಿ, ಕೇಳದಿದ್ದರೆ ನೀವೇ ಕೊಡಿ. ಭೇಟಿ ಶಾಲೆಯ ವರಾಂಡದಲ್ಲೋ ಹಂಪಿನಗರದ ಗ್ರಂಥಾಲಯದಂಥ ನಾಲ್ಕು ಜನ ಓಡಾಡುವ ಜಾಗದಲ್ಲೋ ಇರಲಿ. ಮಗುವನ್ನು ನಿಮ್ಮ ಫ್ಲಾಟಿಗೆ ಕರೆಸಬೇಡಿ, ಅದರ ಅಮ್ಮ ನಿಮ್ಮ ಮನೆಯಲ್ಲೇ ಕೆಲಸಕ್ಕಿದ್ದರಂತೂ ಬೇಡವೇ ಬೇಡ. ಆ ಮಗುವನ್ನು ಬೇರೆಯವರಿಗೆ ಬಿಟ್ಟು ನೀವು ಇನ್ನೊಂದು ಮನೆಯ ಮಗುವನ್ನು ನೋಡಿ. ಸಂಬಳ ಕೊಡುವವರ ಮುಂದೆ ಆ ಮಗು ಇಲ್ಲ ಎನ್ನಲಾರದು, ಇಲ್ಲ ಎನ್ನಲಾಗದ ಕಡೆ ಮಾತು ಬೆಳೆಯುವುದಿಲ್ಲ. ರಾತ್ರಿ ವಾಟ್ಸ್ಆ್ಯಪ್ ಬೇಡ. ದುಡ್ಡು ಕೈಗೆ ಕೊಡಬೇಡಿ. ಫೀಸಿಗೆ ತೊಂದರೆಯಾದರೆ ಶಾಲೆಯ ಮೂಲಕ ಕಟ್ಟಿ. ಮೊಬೈಲು, ಲ್ಯಾಪ್‌ಟಾಪು ಕೊಡಿಸುವ ಉತ್ಸಾಹವನ್ನು ಮೊದಲ ವರ್ಷ ತಡೆದುಕೊಳ್ಳಿ.

ಮೊದಲ ಎರಡು ಮೂರು ಭೇಟಿಯಲ್ಲಿ ಮಗು ಬಾಯೇ ಬಿಡದಿರಬಹುದು. ಹೂಂ, ಸರಿ ಸರ್, ಗೊತ್ತಿಲ್ಲ ಸರ್, ಇಷ್ಟರಲ್ಲೇ ಗಂಟೆ ಕಳೆದೀತು. ನಿಮ್ಮ ಸಾಧನೆಯ ಕಥೆ ಹೇಳಿ ಆ ಮೌನವನ್ನು ತುಂಬಬೇಡಿ. ನೀವು ಎಲ್ಲಿ ಫೇಲಾದಿರಿ ಎಂಬುದನ್ನು ಕೇಳಲು ಮಕ್ಕಳಿಗೆ ಹೆಚ್ಚು ಇಷ್ಟ. ಕೆಲವು ಜೋಡಿಗಳು ಕೂಡಿಬರುವುದೂ ಇಲ್ಲ. ಆಗ ಮಾತಿಲ್ಲದೆ ಮಾಯವಾಗದೆ, ಮೇಷ್ಟ್ರಿಗೆ ಹೇಳಿ, ಮಗುವಿಗೂ ಕಾರಣ ಹೇಳಿ ಬೇರೆಯವರನ್ನು ಜೋಡಿಸಬೇಕು. ಪರೀಕ್ಷೆಯ ಫಲಿತಾಂಶ ಚೆನ್ನಾಗಿ ಬಂದರೆ ಅದು ಮಗುವಿನದು, ಮೇಷ್ಟ್ರುಗಳದು. ನಿಮ್ಮ ಹೆಸರು ಎಲ್ಲೂ ಬಾರದು. ಅದಕ್ಕೆ ಒಪ್ಪುವವರು ಮಾತ್ರ ಈ ಕೆಲಸಕ್ಕೆ ಬನ್ನಿ.

ಬಿನ್ನಿಪೇಟೆಯ, ವಿಜಯನಗರದ, ಕೆಂಗೇರಿಯ ಓದುಗರಲ್ಲಿ ನನ್ನದೊಂದು ಕೋರಿಕೆ. ಜೂನ್‌ನಲ್ಲಿ ಶಾಲೆ ಶುರುವಾಗಿ ದಾಖಲಾತಿಯ ಗಲಾಟೆ ಮುಗಿದ ಮೇಲೆ, ಮನೆಗೆ ಹತ್ತಿರದ ಸರ್ಕಾರಿ ಅಥವಾ ಅನುದಾನಿತ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರನ್ನು ಹೋಗಿ ಕಾಣಿ. ಹತ್ತನೇ ತರಗತಿಯ ಮಗುವನ್ನು ಕೇಳಬೇಡಿ, ಆ ಹೊತ್ತಿಗೆ ತಡವಾಗಿರುತ್ತದೆ, ಮಗುವಿಗೂ ಪುರಸೊತ್ತಿರುವುದಿಲ್ಲ. ಎಂಟನೇ ತರಗತಿಯ ಒಂದು ಮಗುವನ್ನು ಕೇಳಿ, ಮೂರು ವರ್ಷ ಬರುತ್ತೇನೆಂದು ಹೇಳಿ, ಅಷ್ಟು ಆಗದಿದ್ದರೆ ಒಂದು ವರ್ಷವಾದರೂ ಪೂರ್ತಿ ಬನ್ನಿ. ಮೊದಲ ಭೇಟಿಯಲ್ಲಿ ಎನ್‌ಎಂಎಂಎಸ್ ಅರ್ಜಿಗೆ ಈ ಸಲದ ಕೊನೆಯ ದಿನಾಂಕ ಯಾವುದೆಂದು ಇಬ್ಬರೂ ಸೇರಿ ವಿಚಾರಿಸಿ.